ಪಟೋರದ ಲೆಕ್ಕ: ಸ್ಪರ್ಧಾ ಆಯೋಗಕ್ಕೆ ಗಡಿನಾಡಿನಿಂದ ಒಂದು ಬಹಿರಂಗ ಪತ್ರ

ಭಾರತೀಯ ಸ್ಪರ್ಧಾ ಆಯೋಗದ ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,
ಹೊಸದಿಲ್ಲಿ

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಕೊಟ್ಟದ್ದು ನಿಮ್ಮದೇ ಕಾಯಿದೆ. ವ್ಯಾಪಾರದಲ್ಲಿ ಪೈಪೋಟಿ ಕಾಯಲೆಂದು ಮಾಡಿದ 2002ರ ಸ್ಪರ್ಧಾ ಕಾಯಿದೆಯ 19ನೇ ಕಲಮಿನ 6ನೇ ಉಪಕಲಮಿನಲ್ಲಿ ಒಂದು ಪಟ್ಟಿಯಿದೆ. ಒಂದು ಮಾರುಕಟ್ಟೆಯ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂದು ಗೊತ್ತುಮಾಡುವಾಗ ಆಯೋಗ ಯಾವುದನ್ನೆಲ್ಲ ಗಮನಿಸಬೇಕು ಎಂಬ ಪಟ್ಟಿ. ಸಾಗಾಟದ ಖರ್ಚು, ಸರಕಾರಿ ನಿರ್ಬಂಧಗಳು, ಹಂಚಿಕೆಯ ವ್ಯವಸ್ಥೆ ಮುಂತಾದವುಗಳ ನಡುವೆ ಒಂದೇ ಪದದ ಒಂದು ಸಾಲು: ಭಾಷೆ. ಕಾಸರಗೋಡಿನಲ್ಲಿ ಕುಳಿತು ಓದುವವನ ಕಣ್ಣು ಆ ಪದದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ದಿಲ್ಲಿಯಲ್ಲಿರುವವರು ಊಹಿಸುವುದು ಕಷ್ಟ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಬರೆಯಿತು. ಆ ವರದಿ ಕಪಾಟಿನಲ್ಲೇ ಉಳಿಯಿತು. ಅಂದಿನಿಂದ ಇಂದಿನವರೆಗೆ ನಮಗೆ ಭಾಷೆಯ ಪ್ರಶ್ನೆ ಎಂದರೆ ಶಾಲೆ, ನಾಮಫಲಕ, ಸರಕಾರಿ ನೌಕರಿಯ ಪಿಎಸ್‌ಸಿ ಪರೀಕ್ಷೆ. ಅದು ಅಡಿಕೆಯ ಧಾರಣೆಗೂ ಸಂಬಂಧಪಟ್ಟದ್ದು ಎಂದು ಸರಕಾರದ ಕಾಗದವೊಂದು ಹೇಳಿದ್ದನ್ನು ನಾನು ಕಂಡದ್ದು ಇದೇ ಮೊದಲು.

ಬದಿಯಡ್ಕ, ಪೆರ್ಲ ಕಡೆಯ ಒಂದು ಕಣಿವೆಯಲ್ಲಿ ನನ್ನ ತೋಟ. ಎರಡೂವರೆ ಎಕರೆ ಅಡಿಕೆ, ನಡುವೆ ಕೊಕ್ಕೊ, ಮರಗಳಿಗೆ ಹಬ್ಬಿದ ಕಾಳುಮೆಣಸು. ಯೌವನದಲ್ಲಿ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ್ದೆ. ಆ ಓದು ತೋಟಕ್ಕೆ ನೀರು ಬಿಡುವುದರಲ್ಲಿ ಯಾವ ಉಪಕಾರವನ್ನೂ ಮಾಡಲಿಲ್ಲ. ಗೋಣಿ ಹೊತ್ತುಕೊಂಡು ಪೇಟೆಗೆ ಹೋದಾಗಲೆಲ್ಲ ಮಾತ್ರ ಕಾಲೇಜಿನ ಕರಿಹಲಗೆ ನೆನಪಾಗುತ್ತದೆ.

ಅಡಿಕೆಯ ಧಾರಣೆ ಕಡಿಮೆ ಎಂದು ಅಳಲು ನಾನು ಬರೆಯುತ್ತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದಾರೆ. ಅದರ ಮೇಲೆ ಸುಂಕವೂ ಇದೆ. ಅಂಗಡಿಯ ಹಲಗೆಯ ಮೇಲೆ ಬರೆದ ಧಾರಣೆಯ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಹಲಗೆಗೂ ತಕ್ಕಡಿಗೂ ನಡುವೆ ಇರುವ ನಾಲ್ಕು ಮಾರು ದೂರದಲ್ಲಿ ಏನು ನಡೆಯುತ್ತದೆ ಎಂಬುದರ ಬಗ್ಗೆ.

ನಮ್ಮ ಪೇಟೆಯಲ್ಲಿ ಅಡಿಕೆ ಕೊಳ್ಳುವ ಖಾಸಗಿ ಅಂಗಡಿಗಳು ಮೂರು. ಹೆಸರು ಬೇಡ. ಮೂರೂ ಅಂಗಡಿಗಳ ಮುಂದೆ ಹಲಗೆ ಇದೆ. ಹೊಸ ಅಡಿಕೆ, ಹಳೆ ಅಡಿಕೆ, ಇನ್ನೂ ಹಳೆಯದಾದ ಡಬ್ಬಲ್ ಚೋಲ್, ಅದರ ಕೆಳಗೆ ಕಡಿಮೆ ಬೆಲೆಯ ದರ್ಜೆಗಳಾದ ಪಟೋರ, ಉಳ್ಳಿಗಡ್ಡೆ, ಕರಿಗೋಟು. ಮೂರೂ ಹಲಗೆಗಳಲ್ಲಿ ಅಂಕಿ ಒಂದೇ. ಬೆಳಗ್ಗೆ ಒಬ್ಬರು ಐದು ರೂಪಾಯಿ ಇಳಿಸಿದರೆ ಕಾಫಿ ಕುಡಿದು ಬರುವಷ್ಟರಲ್ಲಿ ಉಳಿದಿಬ್ಬರ ಹಲಗೆಯೂ ಒರೆಸಿ ಹೊಸದಾಗಿರುತ್ತದೆ. ನಾನು ಗೋಣಿಯ ಬಾಯಿ ಬಿಚ್ಚುತ್ತೇನೆ. ಸಾಹುಕಾರರು ಮೊಣಕೈವರೆಗೆ ತೋಳು ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತಾರೆ. ಅಂಗೈಯಲ್ಲಿ ಕುಲುಕಿ ಸದ್ದು ಕೇಳುತ್ತಾರೆ. ನಲವತ್ತು, ನಲವತ್ತೈದು ದಿನ ಬಿಸಿಲು ಕಂಡ ಚಾಲಿ ಅಡಿಕೆಯ ಸದ್ದೇ ಬೇರೆ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ಕತ್ತರಿಯಲ್ಲಿ ಒಂದನ್ನು ಸೀಳಿ ಬೆಳಕಿಗೆ ಹಿಡಿಯುತ್ತಾರೆ. “ಈ ಸಲ ನಿಮ್ಮದಕ್ಕೆ ಮಳೆ ತಾಗಿದೆಯಲ್ಲ ಭಟ್ಟರೇ” ಎನ್ನುತ್ತಾರೆ. ಆ ಮಾತು ಬಿದ್ದಿತೆಂದರೆ ಹಲಗೆಯ ಮೇಲಿನ ಅಂಕಿ ನನ್ನ ಪಾಲಿನದಲ್ಲ ಎಂದು ಅರ್ಥ. ಕೂಲಿಯಾಳು ಗೋಣಿಯನ್ನು ನೆಲಕ್ಕೆ ಸುರಿದು ಕೈಯಾಡಿಸುತ್ತಾನೆ. ಒಂದು ರಾಶಿ ಎರಡಾಗುತ್ತದೆ, ಮೂರಾಗುತ್ತದೆ. ದೊಡ್ಡ ರಾಶಿ ಕರಗುತ್ತಾ ಪಕ್ಕದ ಪಟೋರದ ಗುಡ್ಡೆ ಏರುವುದನ್ನು ನಿಂತು ನೋಡುವುದಿದೆಯಲ್ಲ, ಅದಕ್ಕೆ ಒಂದು ಬಗೆಯ ಸಹನೆ ಬೇಕು.

ಕಳೆದ ಬೇಸಿಗೆಯಲ್ಲಿ ನನಗೊಂದು ಯೋಚನೆ ಬಂತು. ಅಂಗಳದಲ್ಲಿದ್ದ ಒಂದೇ ರಾಶಿಯನ್ನು ಚೆನ್ನಾಗಿ ಕಲಸಿ ಐವತ್ತೈವತ್ತು ಕಿಲೋದ ಎರಡು ಗೋಣಿ ಮಾಡಿದೆ. ಒಂದನ್ನು ನಮ್ಮ ಪೇಟೆಯಲ್ಲಿ ಕೊಟ್ಟೆ. ಇನ್ನೊಂದನ್ನು ಪಿಕಪ್‌ನಲ್ಲಿ ಹಾಕಿ ಸಾರಡ್ಕದಲ್ಲಿ ಕರ್ನಾಟಕದ ಗಡಿ ದಾಟಿಸಿ, ನಾಲ್ಕಾರು ಮಂಡಿಗಳಿರುವ ಆಚೆಯ ಪೇಟೆಗೆ ಒಯ್ದೆ. ಇಲ್ಲಿ ಐವತ್ತರಲ್ಲಿ ಒಂಬತ್ತು ಕಿಲೋ ಪಟೋರ, ಮೂರು ಕಿಲೋ ಕರಿಗೋಟು. ಅಲ್ಲಿ ನಾಲ್ಕು ಕಿಲೋ ಪಟೋರ, ಒಂದು ಕಿಲೋ ಕರಿಗೋಟು. ಆ ದಿನ ಎರಡೂ ಪೇಟೆಗಳ ಹಲಗೆಯ ಧಾರಣೆಯಲ್ಲಿ ಇದ್ದ ವ್ಯತ್ಯಾಸ ಎರಡು ರೂಪಾಯಿ. ಕೈಗೆ ಬಂದ ದುಡ್ಡನ್ನು ಐವತ್ತರಿಂದ ಭಾಗಿಸಿದಾಗ ಕಿಲೋಗೆ ಇಪ್ಪತ್ತು ರೂಪಾಯಿಗೂ ಮಿಕ್ಕ ಅಂತರ. ಒಂದು ಗೋಣಿಯಿಂದ ಏನೂ ಸಾಬೀತಾಗುವುದಿಲ್ಲ, ಕೈಯಿಂದ ಕೈಗೆ ಕಣ್ಣು ಬೇರೆ ಎಂದು ನನಗೂ ತಿಳಿದಿದೆ. ಆದ್ದರಿಂದ ತಿಂಗಳ ಅಂತರದಲ್ಲಿ ಮತ್ತೆ ಎರಡು ಸಲ ಮಾಡಿದೆ. ಅಂಕಿ ಬದಲಾಯಿತು, ವಾಲಿದ ದಿಕ್ಕು ಬದಲಾಗಲಿಲ್ಲ.

ನಿಮ್ಮವರು ಕೂಡಲೇ ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು: ಮೂವರೂ ಒಟ್ಟಾಗಿ ಕುಳಿತು ಮಾತಾಡಿಕೊಂಡಿದ್ದಾರೆಯೇ? ಪುರಾವೆ ಇದೆಯೇ? ಇಲ್ಲ. ಮೂರು ಹಲಗೆಗಳಲ್ಲಿ ಒಂದೇ ಅಂಕಿ ಇರುವುದು ಅಪರಾಧವಲ್ಲ ಎಂಬುದನ್ನೂ ನಾನು ಒಪ್ಪುತ್ತೇನೆ. ಇದು ಈ ಶಾಸ್ತ್ರದ ಒಂದು ಕೀಟಲೆ. ಸ್ಪರ್ಧೆ ಅತ್ಯಂತ ತೀವ್ರವಾಗಿರುವ ಸಂತೆಯಲ್ಲಿಯೂ ಬೆಲೆ ಒಂದೇ, ಒಳಸಂಚು ನಡೆದಿರುವ ಸಂತೆಯಲ್ಲಿಯೂ ಬೆಲೆ ಒಂದೇ. ಹೊರಗಿನಿಂದ ನೋಡಿದವನಿಗೆ ಎರಡೂ ಅವಳಿಗಳಂತೆ ಕಾಣುತ್ತವೆ. ಒಬ್ಬ ಹಲಗೆ ಬರೆದ, ಉಳಿದವರು ಇಣುಕಿ ನಕಲು ಮಾಡಿದರು ಎಂದಾದರೆ ಕಾನೂನಿನ ಕೈಗೆ ಅದು ಸಿಗುವುದಿಲ್ಲ, ಸಿಗಬಾರದೂ ಹೌದು. ಹಾಗಾಗಿ ಹಲಗೆಯನ್ನು ಬಿಟ್ಟುಬಿಡಿ, ನೆಲದ ಮೇಲಿನ ರಾಶಿಗಳನ್ನು ನೋಡಿ ಎನ್ನುತ್ತೇನೆ. ನಾಲ್ಕು ಮಂಡಿಗಳು ನಿಜವಾಗಿ ಪೈಪೋಟಿ ಮಾಡುವಲ್ಲಿ ಪಟೋರದ ಗುಡ್ಡೆ ಸಣ್ಣದಾಗುತ್ತದೆ. ಯಾಕೆಂದರೆ ಹೆಚ್ಚು ಕಳೆದರೆ ನಾನು ಗೋಣಿ ಎತ್ತಿಕೊಂಡು ಪಕ್ಕದ ಬಾಗಿಲಿಗೆ ಹೋಗುತ್ತೇನೆ. ಎತ್ತಿಕೊಂಡು ಹೋಗಲು ಬೇರೆ ಬಾಗಿಲಿಲ್ಲದಲ್ಲಿ ಗುಡ್ಡೆ ಬೆಳೆಯುತ್ತದೆ.

ಏಕಸ್ವಾಮ್ಯ ಎಂದ ಕೂಡಲೇ ನಮ್ಮ ಜನ ಮಾರುವವನನ್ನು ನೆನೆಯುತ್ತಾರೆ. ಆಯೋಗದ ಸುದ್ದಿಯೂ ಪತ್ರಿಕೆಗಳಲ್ಲಿ ಬರುವುದು ಹಾಗೆಯೇ. 2012ರಲ್ಲಿ ಹನ್ನೊಂದು ಸಿಮೆಂಟ್ ಕಂಪನಿಗಳಿಗೆ ಆರು ಸಾವಿರ ಕೋಟಿಗೂ ಮಿಕ್ಕ ದಂಡ ಹಾಕಿದಿರಿ. (ನನ್ನ ಅಡಿಕೆ ಅಂಗಳ ಅಂಥ ಸಿಮೆಂಟಿನಲ್ಲೇ ಆದದ್ದು, ಆದ್ದರಿಂದ ಆ ದಿನ ಪತ್ರಿಕೆ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ.) 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ. ಎಲ್ಲವೂ ಕೊಳ್ಳುವವನ ಜೇಬು ಕಾಯುವ ಕೆಲಸ, ಒಳ್ಳೆಯದೇ. ಕೊಳ್ಳುವವನೇ ಬಲಾಢ್ಯನಾದರೆ? ಅದಕ್ಕೂ ಹೆಸರಿದೆ, ಮೊನಾಪ್ಸನಿ. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ಚಲಾವಣೆಗೆ ತಂದ ಪದ. ಗ್ರೀಕ್ ಬಲ್ಲ ಸಹೋದ್ಯೋಗಿಯೊಬ್ಬರು ಅದನ್ನು ಹುಡುಕಿಕೊಟ್ಟರಂತೆ. 1970ರ ದಶಕದಲ್ಲಿ ಆಕೆ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರಕ್ಕೆ ಬಂದು ಇರುತ್ತಿದ್ದರು. ನಮ್ಮದೇ ರಾಜ್ಯದ ಇನ್ನೊಂದು ತುದಿ. ಈ ತುದಿಯ ವರೆಗೂ ಒಮ್ಮೆ ಬಂದಿದ್ದರೆ ಆ ಪದಕ್ಕೆ ಬೇಕಾದ ಉದಾಹರಣೆಗಳನ್ನು ಗೋಣಿಯಲ್ಲಿ ತುಂಬಿಸಿ ಕಳುಹಿಸುತ್ತಿದ್ದೆವು.

ನಿಮ್ಮ ಕಾಯಿದೆ ಕುರುಡಲ್ಲ. 3ನೇ ಕಲಮು ಮಾರಾಟದ ಬೆಲೆಯ ಜೊತೆಗೆ ಖರೀದಿಯ ಬೆಲೆಯನ್ನು ಗೊತ್ತುಮಾಡಿಕೊಳ್ಳುವ ಒಪ್ಪಂದವನ್ನೂ ಹೆಸರಿಸುತ್ತದೆ. 4ನೇ ಕಲಮು ಕೊಳ್ಳುವಾಗಲಾಗಲಿ ಮಾರುವಾಗಲಾಗಲಿ ಅನ್ಯಾಯದ ಷರತ್ತು ಹೇರುವುದನ್ನು ಪ್ರಾಬಲ್ಯದ ದುರುಪಯೋಗ ಎನ್ನುತ್ತದೆ. ಪೀಠಿಕೆಯಲ್ಲಿ ಗ್ರಾಹಕರ ಹಿತದ ಜೊತೆಗೇ ಮಾರುಕಟ್ಟೆಯ ಇತರ ಪಾಲುದಾರರ ವ್ಯಾಪಾರ ಸ್ವಾತಂತ್ರ್ಯದ ಮಾತೂ ಇದೆ. ಆ ‘ಇತರ’ರಲ್ಲಿ ನಾನಿದ್ದೇನೆ ಎಂದು ಭಾವಿಸಿದ್ದೇನೆ. 1969ರ ಹಳೆಯ ಏಕಸ್ವಾಮ್ಯ ಕಾಯಿದೆಗೆ ದೊಡ್ಡದನ್ನು ಕಂಡರೆ ಭಯವಿತ್ತು. ಹೊಸ ಕಾಯಿದೆ ದೊಡ್ಡದಾಗಿರುವುದು ತಪ್ಪಲ್ಲ, ದೊಡ್ಡಸ್ತಿಕೆಯ ದುರುಪಯೋಗ ತಪ್ಪು ಎಂದಿತು. ಸರಿಯಾದ ಮಾತು. ಅದಕ್ಕೆ ನಾನು ಒಂದು ಬಾಲ ಸೇರಿಸುತ್ತೇನೆ: ಸಣ್ಣವನೂ ಪ್ರಬಲನಾಗಿರಬಹುದು. ದೊಡ್ಡದು ಸಣ್ಣದು ಎನ್ನುವುದು ನೀವು ಎಲ್ಲಿ ಗೆರೆ ಎಳೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಇಡೀ ದೇಶದ ಅಡಿಕೆಯ ಲೆಕ್ಕದಲ್ಲಿ ನಮ್ಮ ಪೇಟೆಯ ಮೂವರೂ ಸೇರಿ ಒಂದು ಚಿಟಿಕೆ ಸುಣ್ಣದಷ್ಟೂ ಅಲ್ಲ. ಕಣಿವೆಯ ಲೆಕ್ಕದಲ್ಲಿ ಅವರೇ ಸಮಸ್ತ.

ಮಾರುಕಟ್ಟೆಯ ಸಾಂದ್ರತೆಯನ್ನು, ಅಂದರೆ ವ್ಯಾಪಾರ ಎಷ್ಟು ಕಡಿಮೆ ಕೈಗಳಲ್ಲಿ ಸೇರಿದೆ ಎಂಬುದನ್ನು, ಅಳೆಯಲು ಹರ್ಫಿಂಡಾಲ್ ಸೂಚ್ಯಂಕ ಎಂಬುದೊಂದಿದೆ. ಪ್ರತಿಯೊಬ್ಬನ ಶೇಕಡಾ ಪಾಲನ್ನು ವರ್ಗ ಮಾಡಿ ಕೂಡಿಸುವುದು, ಅಷ್ಟೇ. ನಮ್ಮ ಪೇಟೆಯಲ್ಲಿ ಯಾರ ಲಾರಿ ಎಷ್ಟು ಸಲ ತುಂಬುತ್ತದೆ ಎಂಬ ಕಣ್ಣಂದಾಜಿನಲ್ಲಿ ಪಾಲು 50, 30, 20 ಎಂದಿಟ್ಟುಕೊಂಡು ರಶೀದಿಯ ಹಿಂದೆ ಲೆಕ್ಕ ಹಾಕಿದೆ. 2,500, 900, 400. ಒಟ್ಟು 3,800. ಅಮೆರಿಕದಲ್ಲಿ ವಿಲೀನಗಳನ್ನು ಪರಿಶೀಲಿಸುವವರು 2023ರ ಮಾರ್ಗಸೂಚಿಯಲ್ಲಿ 1,800 ದಾಟಿದ ಮಾರುಕಟ್ಟೆಯನ್ನು ಅತಿ ಸಾಂದ್ರ ಎಂದು ಕರೆದಿದ್ದಾರೆ. ನನ್ನ ಅಂದಾಜಿನಲ್ಲಿ ತಪ್ಪಿರಬಹುದು. ಎಷ್ಟು ತಪ್ಪಿದ್ದರೂ ಮೂವರೇ ಇರುವ ಪೇಟೆಯಲ್ಲಿ ಆ ಅಂಕಿ 3,333ಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. ಗಣಿತದ ಈ ಒಂದು ಉಪಕಾರವನ್ನು ಯಾವ ಸಾಹುಕಾರರೂ ಪಟೋರ ಎಂದು ಪಕ್ಕಕ್ಕೆ ಹಾಕುವಂತಿಲ್ಲ.

ಆಚೆಗೆ ಒಯ್ದರೆ ಇಪ್ಪತ್ತು ರೂಪಾಯಿ ಹೆಚ್ಚು ಸಿಗುವುದಾದರೆ ಎಲ್ಲರೂ ಯಾಕೆ ಆಚೆಗೆ ಒಯ್ಯುವುದಿಲ್ಲ? ನ್ಯಾಯವಾದ ಪ್ರಶ್ನೆ, ಮತ್ತು ವಿಷಯದ ತಿರುಳು ಇರುವುದು ಇಲ್ಲೇ.

ಅಡಿಕೆಗೆ ಒಂದು ದೊಡ್ಡ ಗುಣವಿದೆ: ಅದು ಕಾಯುತ್ತದೆ. ಟೊಮೆಟೊ ಕಾಯುವುದಿಲ್ಲ, ಹಾಲು ಕಾಯುವುದಿಲ್ಲ. ಸುಲಿಯದ ಗೋಟು ಅಟ್ಟದ ಮೇಲೆ ವರ್ಷ ಕಾಯುತ್ತದೆ. ಕಾದದ್ದಕ್ಕೆ ‘ಹಳೆ ಅಡಿಕೆ’ ಎಂದು ಹೆಚ್ಚಿನ ಧಾರಣೆಯನ್ನೂ ಪಡೆಯುತ್ತದೆ. ಕಾಯಬಲ್ಲ ಮಾಲಿನ ಒಡೆಯನಿಗೆ ‘ಬೇಡ, ಇವತ್ತು ಕೊಡುವುದಿಲ್ಲ’ ಎನ್ನುವ ಶಕ್ತಿ ಇರಬೇಕು. ಶಾಸ್ತ್ರವೂ ಹಾಗೆಯೇ ಹೇಳುತ್ತದೆ. ಆ ಶಕ್ತಿಯನ್ನು ಅವನಿಂದ ಕಿತ್ತುಕೊಳ್ಳುವುದು ಸಾಲ.

ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲವಾದರೆ ಕೊಳೆರೋಗ ಗೊನೆಯನ್ನೇ ಉದುರಿಸುತ್ತದೆ. ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ ಎಲ್ಲವೂ ಒಂದೇ ವಾರದಲ್ಲಿ ಕೈಯಿಂದ ಹೋಗುವ ದುಡ್ಡು. ಅದೇ ವಾರ ಶಾಲೆ ಶುರುವಾಗುತ್ತದೆ. ಸಾಹುಕಾರರ ಬಳಿ ಹೋದರೆ ಕಾಗದ ಪತ್ರ ಏನೂ ಬೇಡ, ಮೇಜಿನ ಖಾನೆ ಎಳೆದು ಕೊಡುತ್ತಾರೆ. ಬಡ್ಡಿಯ ಮಾತೆತ್ತುವುದಿಲ್ಲ. “ಅಡಿಕೆ ಬರುವಾಗ ನೋಡುವ” ಎನ್ನುತ್ತಾರೆ. ಬಡ್ಡಿ ಎಲ್ಲಿದೆ ಎಂದು ಹುಡುಕಿದರೆ ಅದು ಪಟೋರದ ಗುಡ್ಡೆಯಲ್ಲಿ ಸಿಗುತ್ತದೆ. ಮುಂಗಡ ತೆಗೆದುಕೊಂಡವನು ಗೋಣಿಯನ್ನು ಬೇರೆ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ. ಹತ್ತಿಸಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಊರು ಬೇರೆ ಅರ್ಥದಲ್ಲಿ ಹೇಳುತ್ತದೆ. ನಮ್ಮಲ್ಲಿ ಅದು ಅಕ್ಷರಶಃ ಅಡಿಕೆಯ ಮಾತು: ಮುಂಗಡ ಪಡೆದು ಬೇರೆಯವರಿಗೆ ತೂಗಿದವನ ಮಾನ.

ಸಾಹುಕಾರರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ನನ್ನ ತಾಯಿಯನ್ನು ರಾತ್ರಿ ಮಂಗಳೂರಿನ ಆಸ್ಪತ್ರೆಗೆ ಸಾಗಿಸಬೇಕಾದಾಗ ಒಂಬತ್ತೂವರೆಗೆ ಬಾಗಿಲು ತೆರೆದು ಮೂವತ್ತು ಸಾವಿರ ಎಣಿಸಿ ಕೊಟ್ಟದ್ದು ಯಾವ ಬ್ಯಾಂಕೂ ಅಲ್ಲ. ಅದನ್ನು ಮರೆತವನು ನಾನಲ್ಲ. ಹಾಗೆಂದು ಆ ರಾತ್ರಿಯ ಉಪಕಾರಕ್ಕೆ ನಾಲ್ಕು ವರ್ಷ ಪಟೋರದಲ್ಲಿ ಬೆಲೆ ತೆತ್ತದ್ದನ್ನೂ ಮರೆತಿಲ್ಲ. ನಿಮ್ಮ ಕಾಯಿದೆಗೆ 2023ರಲ್ಲಿ ಬಂದ ತಿದ್ದುಪಡಿಯ ನಂತರ ‘ನನ್ನೊಬ್ಬನ ಜೊತೆಗೇ ವ್ಯವಹಾರ ಮಾಡು’ ಎಂದು ಕಟ್ಟಿಹಾಕುವ ಒಪ್ಪಂದದ ವ್ಯಾಖ್ಯೆಯಲ್ಲಿ ಕೊಳ್ಳುವವನ ಜೊತೆ ಮಾರುವವನೂ ಸೇರಿದ್ದಾನೆ. ಮೇಜಿನ ಖಾನೆಯಿಂದ ಬಂದ, ಬಾಯಿಬಿಟ್ಟು ಹೇಳದ ಒಪ್ಪಂದ ಅದರೊಳಗೆ ಬರುತ್ತದೆಯೇ? ನಾನು ವಕೀಲನಲ್ಲ. ನೀವೇ ಹೇಳಬೇಕು.

ಮಾಲು ಕಾಯದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮೂರು ಕೊಕ್ಕೊದಲ್ಲಿ ಕಲಿತಿದೆ. 1970ರ ದಶಕದಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೊ ಹಾಕಿ ಎಂದು ಹೇಳದವರಿಲ್ಲ. ಸಸಿ ಸಿಕ್ಕಿತು, ಸಲಹೆ ಸಿಕ್ಕಿತು, ಕೊಳ್ಳುತ್ತೇವೆ ಎಂಬ ಭರವಸೆಯೂ ಸಿಕ್ಕಿತು. ಅಪ್ಪ ಇನ್ನೂರು ಗಿಡ ನೆಟ್ಟರು. ಕೊಳ್ಳುವ ಕೈ ಮಾತ್ರ ಒಂದೇ. ದಶಕದ ಕೊನೆಗೆ ಹೊರದೇಶಗಳಲ್ಲಿ ಧಾರಣೆ ಬಿದ್ದಾಗ ಆ ಕೈ ಹಿಂದೆ ಸರಿಯಿತು. ಕೊಕ್ಕೊ ಕಾಯಿ ಒಡೆದ ಮೇಲೆ ಬೀಜವನ್ನು ತಡಮಾಡದೆ ಕೊಳೆಹಾಕಬೇಕು, ಆಮೇಲೆ ಒಣಗಿಸಬೇಕು. ಅದೂ ನಮ್ಮ ಜೂನ್ ತಿಂಗಳ ಮಳೆಯಲ್ಲಿ. ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಚಾಪೆ ಹಾಸಿ ಒಣಗಿಸಲು ನೋಡಿದರು. ಮನೆಯೆಲ್ಲ ಹುಳಿ ಹೆಂಡದ ವಾಸನೆ. ಕೊನೆಗೆ ಕಾಯಿಗಳನ್ನು ಕೊಯ್ಯುವುದನ್ನೇ ನಿಲ್ಲಿಸಿದೆವು. ಆ ವರ್ಷ ನಮ್ಮ ತೋಟದ ಅಳಿಲುಗಳಷ್ಟು ಕೊಬ್ಬಿದ ಅಳಿಲುಗಳನ್ನು ನಾನು ಮತ್ತೆ ಕಂಡಿಲ್ಲ. ಅಪ್ಪ ಇನ್ನೂರರಲ್ಲಿ ನೂರ ಎಪ್ಪತ್ತು ಗಿಡ ಕಡಿದು ಹಾಕಿದರು.

ಉಳಿದ ಮೂವತ್ತು ಗಿಡ ಇಂದಿಗೂ ಇರುವುದಕ್ಕೆ ಕಾರಣ ಒಂದು ಸಹಕಾರಿ ಸಂಘ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ವ್ಯಾಪಾರಿಗಳ ಮುಂದೆ ಕೈಚೆಲ್ಲಿ ನಿಂತಾಗ, 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕಾಧ್ಯಕ್ಷರು. ಅವರ ವಾರಣಾಶಿ ಇರುವುದು ಅಡ್ಯನಡ್ಕದಲ್ಲಿ, ಸಾರಡ್ಕದ ಗಡಿಯಿಂದ ಕೂಗಳತೆಯಲ್ಲಿ. ಗಡಿಯ ಅಂಚಿನಲ್ಲಿ ಬೆಳೆದವರಿಗೆ ಹೊಳೆದದ್ದರಿಂದಲೇ ಇರಬೇಕು, ಆ ಸಂಘ ಮೊದಲ ದಿನದಿಂದಲೂ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರದ್ದು. ಕೊಕ್ಕೊ ಕೊಳ್ಳುವವರಿಲ್ಲದಾಗ ಅದು ಕೊಕ್ಕೊಗೂ ಕೈ ಹಾಕಿತು. 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಲ್ಲಿಗೆ ಮಾಲು ಹಾಕದವನಿಗೂ ಅದರಿಂದ ಲಾಭವಾಯಿತು ಎನ್ನುವುದು ಗಮನಿಸಬೇಕಾದ ಸಂಗತಿ. ಹಿಂದೆ ಸರಿಯದ ಒಬ್ಬ ಖರೀದಿದಾರ ಇದ್ದಾನೆ ಎಂದಾದ ಮೇಲೆ ಉಳಿದವರ ಧಾರಣೆಗೆ ಒಂದು ನೆಲ ಸಿಗುತ್ತದೆ. ಸಂಘದಲ್ಲಿ ಕೊರತೆಗಳಿಲ್ಲವೆಂದಲ್ಲ. ಸಂಘ ಪ್ರಕಟಿಸಿದ ಧಾರಣೆಯಿಂದ ಎರಡು ರೂಪಾಯಿ ಕಳೆದು ಬರೆದರೆ ಖಾಸಗಿಯವರ ಹಲಗೆ ತಯಾರು. ಸಾಲ ಇದ್ದವನಿಗೆ ಸಂಘದ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ.

2024ರ ಬೇಸಿಗೆಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಪಶ್ಚಿಮ ಆಫ್ರಿಕದಲ್ಲಿ ಬೆಳೆ ಕೈಕೊಟ್ಟು ನ್ಯೂಯಾರ್ಕಿನಲ್ಲಿ ಕೊಕ್ಕೊ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿತು. ಕೊಕ್ಕೊ ಇದೆಯಾ ಎಂದು ಕೇಳಿಕೊಂಡು ಬೈಕಿನಲ್ಲಿ ನಮ್ಮ ಅಂಗಳಕ್ಕೆ ಬಂದವರನ್ನು ಎಣಿಸಿದೆ, ಒಂದೇ ವಾರದಲ್ಲಿ ಏಳು ಮಂದಿ. ಏಳರಲ್ಲಿ ಒಬ್ಬರೂ ಬೀಜ ಸಣ್ಣದಿದೆ ಎನ್ನಲಿಲ್ಲ, ನೀರಿನಂಶ ಹೆಚ್ಚು ಎನ್ನಲಿಲ್ಲ. ಅದೇ ಮೂವತ್ತು ಗಿಡಗಳು, ಅದೇ ಅಳಿಲುಗಳು. ಕೊಳ್ಳುವವರು ಏಳಾದ ಕೂಡಲೇ ಮಾಲಿನ ದೋಷಗಳೆಲ್ಲ ಮಾಯವಾದವು.

ಇನ್ನು ಗಡಿಯ ವಿಷಯ. ಕೇರಳದಲ್ಲಿ ಎಪಿಎಂಸಿ ಕಾಯಿದೆಯೇ ಇಲ್ಲ. ಕರ್ನಾಟಕದಲ್ಲಿ ಇದೆ. ಪುತ್ತೂರಿನಲ್ಲಿ, ಸುಳ್ಯದಲ್ಲಿ ಅದರ ಪ್ರಾಂಗಣಗಳಿವೆ. ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಮೊದಲು ಗಡಿಯಲ್ಲಿ ತೆರಿಗೆಯ ತನಿಖಾ ಠಾಣೆ ಇತ್ತು. ಗೋಣಿ ದಾಟಿಸುವುದೆಂದರೆ ಕಾಗದ, ಕಾಯುವಿಕೆ, ಒಮ್ಮೊಮ್ಮೆ ಕಾಡುದಾರಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಠಾಣೆ ಹೋಯಿತು. ನಮ್ಮ ಪೇಟೆಯ ಪಟೋರ ಆ ವರ್ಷ ಸ್ವಲ್ಪ ಇಳಿದದ್ದು ನನ್ನ ರಶೀದಿಗಳಲ್ಲಿದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾಲದಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳ ಪಾಡು ಏನಾಯಿತು ಎಂದು ದೇಶ ನೋಡಿದೆ. ಅದರ ಮುಂದೆ ಅಡಿಕೆಯ ಮಾತು ಕ್ಷುಲ್ಲಕ. ಆದರೂ ದಾಖಲೆಗೆ ಇರಲಿ: ಅಂಗಡಿಗಳು ತೆರೆದ ಮೇಲೂ ಆಚೆಗೆ ಹೋಗಲು ಪಾಸು ಬೇಕಿದ್ದ ಆ ತಿಂಗಳುಗಳಲ್ಲಿ ನನ್ನ ಗೋಣಿಯ ಪಟೋರ ಹಿಂದೆಂದೂ ಇಲ್ಲದಷ್ಟು ಏರಿತು. ಆ ವರ್ಷ ಮಳೆ ತಾಗಿರಲಿಲ್ಲ.

ಕೇರಳದ ಕೃಷಿ ಇಲಾಖೆಯ ನಕ್ಷೆ ಸಾರಡ್ಕದಲ್ಲಿ ಮುಗಿಯುತ್ತದೆ. ಕರ್ನಾಟಕದ ಎಪಿಎಂಸಿಯ ನಕ್ಷೆ ಸಾರಡ್ಕದಲ್ಲಿ ಶುರುವಾಗುತ್ತದೆ. ನಮ್ಮ ಗೋಣಿ ಎರಡೂ ಕಡೆ ಓಡಾಡುತ್ತದೆ, ಅದನ್ನು ಪೂರ್ತಿಯಾಗಿ ನೋಡುವ ಅಧಿಕಾರಿ ಎರಡೂ ಕಡೆ ಇಲ್ಲ. ಎರಡೂ ಕಡೆ ಅಧಿಕಾರವಿರುವುದು ನಿಮಗೆ. ಇಷ್ಟು ಸಣ್ಣ ವಿಷಯವನ್ನು ಇಷ್ಟು ದೊಡ್ಡ ಬಾಗಿಲಿಗೆ ತಂದದ್ದು ಈ ಕಾರಣಕ್ಕೆ.

ಮತ್ತೆ ಆ ಒಂದು ಪದಕ್ಕೆ ಬರುತ್ತೇನೆ. ನೆರೆಮನೆಯ ಅಕ್ಕನಿಗೆ ಎಪ್ಪತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಒಂದೆಕರೆ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಕನ್ನಡ ಓದಲು ಬರೆಯಲು ಚೆನ್ನಾಗಿ ಬಲ್ಲರು, ಮಲಯಾಳ ಮಾತಾಡಬಲ್ಲರು, ಓದಲಾರರು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಅಂಗಡಿಯ ರಶೀದಿಗೆ ಅದು ಅನ್ವಯಿಸುವುದಿಲ್ಲ. ಅಕ್ಕ ತಂದು ತೋರಿಸಿದ ರಶೀದಿಯಲ್ಲಿ ಪಟೋರ ಎಂಬ ಕಡೆ ಮಲಯಾಳದ ಒಂದಕ್ಷರ, ಅದರ ಮುಂದೆ ಒಂದು ಅಂಕಿ. “ಇದು ಏನು ತಮ್ಮ?” ಎಂದು ಕೇಳಿದರು. ಹದಿನಾಲ್ಕು ವರ್ಷಗಳಿಂದ ಆ ಅಂಕಿಯನ್ನು ಅವರು ಸಾಗಾಟದ ಖರ್ಚು ಎಂದು ತಿಳಿದಿದ್ದರು. ತೆಂಕಣ ಪೇಟೆಗಳಲ್ಲಿ ಬೇರೆ ಖರೀದಿದಾರರಿದ್ದರೂ ಅಕ್ಕನ ಮಟ್ಟಿಗೆ ಅವರು ಇಲ್ಲ. ಬಡಗಣ ಪೇಟೆಯಲ್ಲಿ ಮಾತೂ ಬರಹವೂ ಅವರದೇ ಭಾಷೆಯದು, ಆದರೆ ನಡುವೆ ರಾಜ್ಯದ ಗಡಿ. ಭಾಷೆ ಬಡಗಕ್ಕೆ ಎಳೆಯುತ್ತದೆ, ರಾಜ್ಯ ತೆಂಕಕ್ಕೆ ಎಳೆಯುತ್ತದೆ, ಅಕ್ಕ ನಡುವಿನ ಮೂರು ಅಂಗಡಿಗಳಲ್ಲಿ ಒಂದರ ಮೆಟ್ಟಿಲಿನ ಮೇಲೆ ಕುಳಿತಿರುತ್ತಾರೆ. 19ನೇ ಕಲಮಿನಲ್ಲಿ ಆ ಪದ ಬರೆದವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿರಲಾರರು. ಬರೆದದ್ದಂತೂ ಬರೆದಿದ್ದಾರೆ.

ಕೊನೆಗೆ ನಮ್ಮದೇ ಒಂದು ತಪ್ಪೊಪ್ಪಿಗೆ. ಕಳೆದ ನವೆಂಬರಿನಿಂದ ನಾವು ಹನ್ನೊಂದು ಮಂದಿ ಬೆಳೆಗಾರರು ಸೇರಿ ಗುರುವಾರಕ್ಕೊಮ್ಮೆ ಒಂದು ಪಿಕಪ್ ಗೊತ್ತುಮಾಡಿದ್ದೇವೆ. ಎಲ್ಲರ ಗೋಣಿ ಒಟ್ಟಿಗೆ ಗಡಿ ದಾಟುತ್ತದೆ. ಅಕ್ಕನದೂ. ಬಾಡಿಗೆ ಹಂಚಿಕೊಂಡರೆ ಗೋಣಿಗೆ ಬೀಳುವ ಖರ್ಚು ಹೆಚ್ಚಲ್ಲ. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ನಾಳೆ ಇಷ್ಟಕ್ಕಿಂತ ಕೆಳಗೆ ಯಾರೂ ಕೊಡುವುದು ಬೇಡ ಎಂದು ಒಂದು ಅಂಕಿ ಗೊತ್ತುಮಾಡಿಕೊಳ್ಳುತ್ತೇವೆ. ನಮ್ಮಲ್ಲಿ ಒಬ್ಬರ ಮಗ ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದಾನೆ. ರಜೆಯಲ್ಲಿ ಬಂದವನು ಇದನ್ನು ನೋಡಿ ನಕ್ಕ. “ಮಾವ, ಕಾಯಿದೆಯ ಪ್ರಕಾರ ಕಾರ್ಟೆಲ್ ಎಂದರೆ ಇದೇ” ಎಂದ. ತೆಗೆದು ನೋಡಿದರೆ ಹೌದು. ಕಾರ್ಟೆಲ್‌ನ, ಅಂದರೆ ಒಟ್ಟು ಸೇರಿ ಬೆಲೆ ಗೊತ್ತುಮಾಡುವ ಕೂಟದ, ವ್ಯಾಖ್ಯೆಯಲ್ಲಿ ವ್ಯಾಪಾರಿಗಳ ಜೊತೆಗೆ ಉತ್ಪಾದಕರೂ ಇದ್ದಾರೆ. ಮೂವರು ಸಾಹುಕಾರರು ಒಂದಕ್ಷರ ಬರೆಯದೆ ಮಾಡುವುದನ್ನು ನಾವು ಮೊಬೈಲಿನಲ್ಲಿ ಸಮಯ, ತಾರೀಖು ಸಮೇತ ಬರೆದಿಟ್ಟು ಮಾಡುತ್ತಿದ್ದೇವೆ. ಪುರಾವೆ ಬೇಕೆಂದರೆ ನಮ್ಮ ವಿರುದ್ಧ ಬೇಕಾದಷ್ಟಿದೆ.

ಅಮೆರಿಕ 1922ರಲ್ಲೇ ಕ್ಯಾಪರ್–ವೋಲ್‌ಸ್ಟೆಡ್ ಕಾಯಿದೆ ಮಾಡಿ, ರೈತರು ಒಟ್ಟು ಸೇರಿ ಮಾಲು ಮಾರುವುದನ್ನು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಹೊರಗಿಟ್ಟಿತು. ನಮ್ಮ ಕಾಯಿದೆಯ 54ನೇ ಕಲಮು ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಬೆಳೆಗಾರರ ಸಣ್ಣ ಗುಂಪುಗಳಿಗೆ ಅದನ್ನು ಕೊಡಿ ಎಂದು ಸರಕಾರಕ್ಕೆ ಬರೆಯಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಸಾಧ್ಯವಿಲ್ಲವಾದರೆ ನಾವು ಮಾಡುತ್ತಿರುವುದು ತಪ್ಪು ಎಂದು ಸ್ಪಷ್ಟವಾಗಿ ಬರೆದು ತಿಳಿಸಿ. ಎರಡರಲ್ಲಿ ಯಾವುದಾದರೂ ಸರಿ, ಕನ್ನಡದಲ್ಲಿ ಬಂದರೆ ಅಕ್ಕನೂ ಓದಿಕೊಳ್ಳುತ್ತಾರೆ.

ಚೆನ್ನೈಯಲ್ಲಿ ನಿಮ್ಮ ಪ್ರಾದೇಶಿಕ ಕಚೇರಿ ಇದೆ. ಅಲ್ಲಿಂದ ಯಾರನ್ನಾದರೂ ಕಳುಹಿಸುವುದಾದರೆ ಮಂಗಳೂರು ರೈಲಿನಲ್ಲಿ ಬಂದು ಕಾಸರಗೋಡಿನಲ್ಲಿ ಇಳಿದರಾಯಿತು, ಬದಿಯಡ್ಕಕ್ಕೆ ಬೇಕಾದಷ್ಟು ಬಸ್ಸುಗಳಿವೆ. ದೊಡ್ಡ ತನಿಖೆ ಬೇಡ. ಪರಿಚಯ ಹೇಳದೆ ಒಂದು ಗೋಣಿ ಹಿಡಿದುಕೊಂಡು ಮೂರೂ ಅಂಗಡಿಗಳಿಗೆ, ಮತ್ತೆ ಗಡಿಯಾಚೆಗೆ ಹೋಗಿ ಬಂದರೆ ಸಾಕು. ಈ ಸಲದ ರಾಶಿಯಿಂದ ನಾಲ್ಕು ಗೋಣಿ ಕಲಸಿ ತೂಗಿ ಅಟ್ಟದ ಮೇಲೆ ಬೇರೆಯಾಗಿ ಇಟ್ಟಿದ್ದೇನೆ. ಬಾಯಿ ಹೊಲಿದಿಲ್ಲ. ಬರುವುದಾದರೆ ಗುರುವಾರ ಬಿಟ್ಟು ಬೇರೆ ದಿನ ಬನ್ನಿ, ಗುರುವಾರ ಪಿಕಪ್ ಇದೆ.

ಇತಿ ತಮ್ಮ ವಿಶ್ವಾಸಿ,
ಪೆರ್ಲ ಸಮೀಪದ ಒಬ್ಬ ಅಡಿಕೆ ಬೆಳೆಗಾರ